10 ಪರ್ಸೆಂಟ್, 40 ಪರ್ಸೆಂಟ್: ತೆಗಳುವ ಜಾಹೀರಾತು ಓಟು ತರುತ್ತದೆಯೇ?

2022ರ ಸೆಪ್ಟೆಂಬರ್ 21ರಂದು ಬೆಂಗಳೂರಿನ ಕೆಲವು ಗೋಡೆಗಳ ಮೇಲೆ ಒಂದು ಪೋಸ್ಟರ್ ಕಾಣಿಸಿತು. ದೂರದಿಂದ ನೋಡಿದರೆ ಕಿರಾಣಿ ಅಂಗಡಿಯ ಮುಂದೆ ಅಂಟಿಸಿರುವ ಕ್ಯೂಆರ್ ಕೋಡೇ. ಹತ್ತಿರ ಹೋದರೆ ಆ ಕಪ್ಪುಬಿಳುಪು ಚುಕ್ಕೆಗಳ ಚೌಕದಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಮುಖ, ಮೇಲೆ ‘ಪೇಸಿಎಂ’ ಎಂಬ ಹೆಸರು, ಜೊತೆಗೆ ಇಲ್ಲಿ 40% ಸ್ವೀಕರಿಸಲಾಗುತ್ತದೆ ಎಂಬ ಅರ್ಥದ ಒಂದು ಸಾಲು. 40% ಎಂದರೆ ಸರ್ಕಾರಿ ಕಾಮಗಾರಿಗಳಲ್ಲಿ ಗುತ್ತಿಗೆದಾರರಿಂದ ಕೇಳುತ್ತಾರೆಂಬ ಆರೋಪವಿದ್ದ ಕಮಿಷನ್. ಸ್ಕ್ಯಾನ್ ಮಾಡಿದರೆ ದುಡ್ಡು ಹೋಗುತ್ತಿರಲಿಲ್ಲ. ಲಂಚದ ದೂರು ದಾಖಲಿಸಿ ಎಂದು ಕಾಂಗ್ರೆಸ್ ಶುರು ಮಾಡಿದ್ದ ಜಾಲತಾಣ ತೆರೆದುಕೊಳ್ಳುತ್ತಿತ್ತು.

ಪೋಸ್ಟರಿನಲ್ಲಿ ವಾದವಿರಲಿಲ್ಲ, ಪುರಾವೆಯೂ ಇರಲಿಲ್ಲ. ದಿನಕ್ಕೆ ಹತ್ತು ಸಲ ಮಾಡುವ ಒಂದು ಕೆಲಸಕ್ಕೆ ಒಂದು ಅನುಮಾನವನ್ನು ಗಂಟು ಹಾಕಿದ್ದರು, ಅಷ್ಟೇ. ಆ ವಾರ ಎಳನೀರಿನವನ ಮುಂದೆ ಫೋನ್ ಎತ್ತಿ ಹಿಡಿದಾಗ ನನಗೂ ಒಂದು ಕ್ಷಣ ನಗು ಬಂತು. ಆಮೇಲೆ ಪೊಲೀಸರು ಬಂದರು. ಸಾರ್ವಜನಿಕ ಸ್ಥಳವನ್ನು ವಿರೂಪಗೊಳಿಸಿದ್ದಕ್ಕೆ ಕೇಸು ಬಿತ್ತು, ಕಾಂಗ್ರೆಸ್ಸಿನ ಸೋಷಿಯಲ್ ಮೀಡಿಯಾ ತಂಡದವರ ಬಂಧನವಾಯಿತು. ಎರಡು ದಿನ ಕಳೆಯುವಷ್ಟರಲ್ಲಿ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಅವರೇ ಬೀದಿಗಿಳಿದು ಪೋಸ್ಟರ್ ಅಂಟಿಸಿ ಪೊಲೀಸ್ ವ್ಯಾನ್ ಹತ್ತಿದರು. ಗೋಡೆಯ ಮೇಲಿದ್ದದ್ದು ದೇಶದ ಎಲ್ಲ ಟಿವಿ ಪರದೆಗಳ ಮೇಲೆ ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆಯನ್ನು ಆ ವಾರ ಎಷ್ಟು ಜನ ನೆನೆದರೋ.

ಎಂಟು ತಿಂಗಳ ನಂತರ, 2023ರ ಮೇನಲ್ಲಿ, ಬಿಜೆಪಿ ಸರ್ಕಾರ ಹೋಯಿತು. 224ರಲ್ಲಿ ಕಾಂಗ್ರೆಸ್‌ಗೆ 135, ಬಿಜೆಪಿಗೆ 66, ಜೆಡಿಎಸ್‌ಗೆ 19. ಪೇಸಿಎಂ ಕೆಲಸ ಮಾಡಿತು ಎಂದು ಎಲ್ಲರೂ ಬರೆದರು. ಪ್ರಚಾರ ತಂತ್ರದ ಬಗ್ಗೆ ಪಾಠ ಹೇಳುವವರು ಇವತ್ತಿಗೂ ಅದನ್ನೇ ಉದಾಹರಣೆ ಕೊಡುತ್ತಾರೆ.

ಆದರೆ ಸೀಟು ಬಿಟ್ಟು ಓಟು ಎಣಿಸಿ ನೋಡಿ. 2018ರಲ್ಲಿ ಬಿಜೆಪಿಗೆ ರಾಜ್ಯದಲ್ಲಿ ಬಿದ್ದದ್ದು ಶೇ. 36.3ರಷ್ಟು ಮತ. ಪೇಸಿಎಂ, ಯಾವುದಕ್ಕೆ ಎಷ್ಟು ಲಂಚ ಎಂದು ಕಾಂಗ್ರೆಸ್ ಪಟ್ಟಿ ಮಾಡಿದ ‘ರೇಟ್ ಕಾರ್ಡ್’ ಜಾಹೀರಾತು ಎಲ್ಲ ಆದ ಮೇಲೆ 2023ರಲ್ಲಿ ಬಿದ್ದದ್ದು ಶೇ. 36. ಒಟ್ಟು ಮತಗಳ ಲೆಕ್ಕ ಹಿಡಿದರೆ ಅದು ಸುಮಾರು 1.33 ಕೋಟಿಯಿಂದ 1.41 ಕೋಟಿಗೆ ಏರಿತ್ತು! ಕಾಂಗ್ರೆಸ್ ಶೇ. 38ರಿಂದ ಸುಮಾರು 43ಕ್ಕೆ ಹೋಯಿತು, ನಿಜ. ಅಷ್ಟೇ ಪ್ರಮಾಣದ ಮತ ಕಳೆದುಕೊಂಡದ್ದು ಜೆಡಿಎಸ್: ಶೇ. 18ರಿಂದ 13ಕ್ಕೆ. ಬಾಣ ಬಿಟ್ಟದ್ದು ಬಿಜೆಪಿಯ ಕಡೆಗೆ, ನೆಲಕ್ಕೆ ಬಿದ್ದದ್ದು ಪಕ್ಕದಲ್ಲಿ ನಿಂತಿದ್ದವರು.

ಇದೊಂದೇ ಆಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ಐದು ವರ್ಷ ಹಿಂದಕ್ಕೆ ಹೋಗೋಣ. 2018ರ ಫೆಬ್ರವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಪ್ರಧಾನಿ ನರೇಂದ್ರ ಮೋದಿ ಆಗಿನ ಸಿದ್ದರಾಮಯ್ಯ ಸರ್ಕಾರವನ್ನು ‘10 ಪರ್ಸೆಂಟ್ ಕಮಿಷನ್ ಸರ್ಕಾರ’ ಎಂದರು. ಅದೇ ತಿಂಗಳು ದಾವಣಗೆರೆಯಲ್ಲಿ ‘ಸೀದಾ ರುಪೈಯಾ ಸರ್ಕಾರ’ ಎಂದು ಹೆಸರನ್ನೇ ತಿರುಚಿದರು. ಆ ವರ್ಷದ ಚುನಾವಣೆಯಲ್ಲಿ ಕಾಂಗ್ರೆಸ್ 122ರಿಂದ 80ಕ್ಕೆ ಕುಸಿಯಿತು. ಮತ? ಶೇ. 36.6ರಿಂದ 38.1ಕ್ಕೆ ಹೆಚ್ಚಾಗಿತ್ತು. ಅಂದು ಸೀಟಿನ ಆಟ ಬದಲಿಸಿದ್ದು ಬೇರೆ ಸಂಗತಿ. 2013ರಲ್ಲಿ ಕೆಜೆಪಿ, ಬಿಎಸ್‌ಆರ್ ಕಾಂಗ್ರೆಸ್ ಎಂದು ಮೂರು ಹೋಳಾಗಿದ್ದ ಬಿಜೆಪಿಯ ಮತ 2018ರ ಹೊತ್ತಿಗೆ ಮತ್ತೆ ಒಂದಾಗಿತ್ತು.

ಎರಡು ಚುನಾವಣೆ, ಎರಡು ಪಕ್ಷ, ಒಂದೇ ಬಗೆಯ ಆರೋಪ. ಎರಡೂ ಸಲ ಸರ್ಕಾರ ಬಿತ್ತು, ಎರಡೂ ಸಲ ಬೈಸಿಕೊಂಡ ಪಕ್ಷದ ಮತದ ಪಾಲು ಇದ್ದಲ್ಲೇ ಇತ್ತು. ಹಾಗಾದರೆ ತೆಗಳುವ ಪ್ರಚಾರ ಮಾಡುವುದೇನು?

ಲೆಕ್ಕ ಯಾಕೆ ಕೈಗೆ ಸಿಗುವುದಿಲ್ಲ

ಮೊದಲು ನನ್ನ ಲೆಕ್ಕದ ತೂತುಗಳನ್ನು ನಾನೇ ತೋರಿಸಿಬಿಡುತ್ತೇನೆ. ರಾಜ್ಯದ ಸರಾಸರಿ ಬಹಳಷ್ಟನ್ನು ಮುಚ್ಚಿಡುತ್ತದೆ. 2023ರಲ್ಲಿ ಬಿಜೆಪಿ ತನ್ನ ಗಟ್ಟಿ ನೆಲವಾದ ಉತ್ತರ, ಮಧ್ಯ ಕರ್ನಾಟಕದಲ್ಲಿ ಕಳೆದುಕೊಂಡು, ಹಿಂದೆ ಲೆಕ್ಕಕ್ಕೇ ಇರದಿದ್ದ ಹಳೇ ಮೈಸೂರಿನಲ್ಲಿ ಒಂದಿಷ್ಟು ಗಳಿಸಿತು. ಒಂದು ಕಡೆ ಸೋರಿದ್ದು ಇನ್ನೊಂದು ಕಡೆ ತುಂಬಿ ಒಟ್ಟು ಸಂಖ್ಯೆ ಅಲುಗಾಡದಂತೆ ಕಂಡಿತು. ಅದಕ್ಕಿಂತ ದೊಡ್ಡ ತೂತು ಇನ್ನೊಂದಿದೆ: ಪೇಸಿಎಂ ಇಲ್ಲದಿದ್ದರೆ ಬಿಜೆಪಿ ಶೇ. 39 ಪಡೆಯುತ್ತಿತ್ತೋ ಏನೋ. ಆ ಚುನಾವಣೆ ನಡೆದೇ ಇಲ್ಲವಾದ್ದರಿಂದ ಅದರ ಫಲಿತಾಂಶ ಯಾರ ಬಳಿಯೂ ಇಲ್ಲ.

ಮೂರನೆಯದು ಇನ್ನೂ ಸೂಕ್ಷ್ಮ. ಯಾರು ಹೆಚ್ಚು ಬೈಯುತ್ತಾರೆ? ಗೆಲುವು ಖಚಿತವಾದವನು ಕೈಮುಗಿದುಕೊಂಡು, ನಗುತ್ತಾ ಮನೆಮನೆ ಸುತ್ತುತ್ತಾನೆ. ಹಿಂದೆ ಬಿದ್ದವನು, ಇಲ್ಲವೇ ಜಿದ್ದಾಜಿದ್ದಿನ ಸ್ಪರ್ಧೆಯಲ್ಲಿರುವವನು ಬಾಯಿ ಬಿಚ್ಚುತ್ತಾನೆ. ಹೀಗಾಗಿ ಬೈದವರಲ್ಲಿ ಎಷ್ಟು ಜನ ಗೆದ್ದರು ಎಂದು ಎಣಿಸಹೊರಟರೆ, ದೊಡ್ಡಾಸ್ಪತ್ರೆಗೆ ಹೋದವರೇ ಹೆಚ್ಚು ಸಾಯುತ್ತಾರೆ, ಆದ್ದರಿಂದ ಆಸ್ಪತ್ರೆಯೇ ರೋಗ ಎಂದ ಹಾಗಾಗುತ್ತದೆ.

ಇದರಿಂದ ತಪ್ಪಿಸಿಕೊಳ್ಳಲು ಇರುವ ದಾರಿ ಪ್ರಯೋಗ. ಚೀಟಿ ಎತ್ತಿದಂತೆ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ತೆಗಳುವ ಜಾಹೀರಾತು ತೋರಿಸಿ, ಇನ್ನೊಂದಕ್ಕೆ ಬೇರೇನೋ ತೋರಿಸಿ, ಆಮೇಲೆ ಕೇಳುವುದು. ಈ ಕೆಲಸ ಹೆಚ್ಚಾಗಿ ನಡೆದಿರುವುದು ಅಮೆರಿಕದಲ್ಲಿ. ಅಲ್ಲಿ ಟಿವಿ ಜಾಹೀರಾತಿಗೆ ಸುರಿಯುವ ಹಣ ಅಷ್ಟಿದೆ, ಅದನ್ನು ಅಳೆಯುವ ವಿಶ್ವವಿದ್ಯಾಲಯಗಳೂ ಅಷ್ಟಿವೆ.

1990ರ ದಶಕದ ಆರಂಭದಲ್ಲಿ ಸ್ಟೀಫನ್ ಆನ್ಸೊಲಬೆಹೆರ್ ಮತ್ತು ಶಾಂತೊ ಅಯ್ಯಂಗಾರ್ ಕ್ಯಾಲಿಫೋರ್ನಿಯಾದಲ್ಲಿ ಮನೆಯ ಹಜಾರದಂತೆ ಸೋಫಾ ಹಾಕಿದ ಕೋಣೆಗಳನ್ನು ಸಿದ್ಧಪಡಿಸಿದರು. ಬಂದವರಿಗೆ ಟಿವಿ ವಾರ್ತೆ ನೋಡಿ ಎಂದರು. ನಡುವೆ ಒಂದು ರಾಜಕೀಯ ಜಾಹೀರಾತು ತೂರಿಸಿದರು. ದೃಶ್ಯ ಎಲ್ಲರಿಗೂ ಒಂದೇ, ಹಿನ್ನೆಲೆಯ ಮಾತು ಮಾತ್ರ ಕೆಲವರಿಗೆ ಹೊಗಳಿಕೆ, ಕೆಲವರಿಗೆ ತೆಗಳಿಕೆ. ಅವರಿಗೆ ಕಂಡದ್ದು: ತೆಗಳಿಕೆ ಕೇಳಿದವರಲ್ಲಿ ಮತ ಹಾಕುತ್ತೇನೆ ಎನ್ನುವವರ ಪ್ರಮಾಣ ಹೊಗಳಿಕೆ ಕೇಳಿದವರಿಗಿಂತ ಸುಮಾರು 5 ಶೇಕಡಾಂಶ ಕಡಿಮೆ. ತೆಗಳುವ ಜಾಹೀರಾತು ಜನರನ್ನು ಬೇರೆ ಪಕ್ಷಕ್ಕೆ ಕಳಿಸುವುದಕ್ಕಿಂತ ಮನೆಯಲ್ಲಿ ಕೂರಿಸುತ್ತದೆ ಎಂಬ ಮಾತು ಅಲ್ಲಿಂದ ಹಬ್ಬಿತು. ಅಯ್ಯೋ ಪ್ರಜಾಪ್ರಭುತ್ವವೇ ಎಂದು ಸಂಪಾದಕೀಯಗಳು ಬಂದವು.

ಹಬ್ಬಿದಷ್ಟು ಬೇಗ ಅದು ಗಟ್ಟಿಯಾಗಲಿಲ್ಲ. 2007ರಲ್ಲಿ ರಿಚರ್ಡ್ ಲಾವ್ ಮತ್ತು ಸಂಗಡಿಗರು ಅಲ್ಲಿಯವರೆಗಿನ 111 ಅಧ್ಯಯನಗಳನ್ನು ಒಟ್ಟಿಗೆ ಹರಡಿಕೊಂಡು ತೂಗಿದರು. ಸಿಕ್ಕಿದ್ದು ಯಾರಿಗೂ ಹಿತವಾಗದ ಉತ್ತರ. ತೆಗಳಿಕೆ ನೆನಪಿನಲ್ಲಿ ಚೆನ್ನಾಗಿ ಉಳಿಯುತ್ತದೆ. ಪ್ರಚಾರದ ವಿಷಯಗಳ ಬಗ್ಗೆ ಜನರ ತಿಳಿವಳಿಕೆಯನ್ನು ಸ್ವಲ್ಪ ಹೆಚ್ಚಿಸುತ್ತದೆ. ಆದರೆ ಬೈದವನಿಗೆ ಓಟು ತರುತ್ತದೆ ಎನ್ನಲು ಆಧಾರ ಸಿಗಲಿಲ್ಲ. ಎದುರಾಳಿಯ ಹೆಸರಿಗೆ ಮಸಿ ಬಳಿಯುವಾಗ ಕೈಗೂ ಒಂದಿಷ್ಟು ಮೆತ್ತಿಕೊಳ್ಳುತ್ತದೆ. ಮತದಾನ ಕುಗ್ಗಿಸುತ್ತದೆ ಎಂಬ ಭಯಕ್ಕೂ ಗಟ್ಟಿ ಆಧಾರವಿರಲಿಲ್ಲ. ಸರ್ಕಾರದ ಮೇಲಿನ ಭರವಸೆ ಮಾತ್ರ ತುಸು ತಗ್ಗುತ್ತಿತ್ತು.

2016ರ ಟ್ರಂಪ್–ಹಿಲರಿ ಸ್ಪರ್ಧೆಯಲ್ಲಿ ಇನ್ನೂ ದೊಡ್ಡ ಪ್ರಯೋಗ ನಡೆಯಿತು. ಅಲೆಗ್ಸಾಂಡರ್ ಕೊಪೊಕ್, ಸೇತ್ ಹಿಲ್, ಲಿನ್ ವಾವ್ರೆಕ್ ಎಂಬ ಮೂವರು 49 ಜಾಹೀರಾತುಗಳನ್ನು 59 ಪ್ರಯೋಗಗಳಲ್ಲಿ ಸುಮಾರು 34,000 ಜನರಿಗೆ ತೋರಿಸಿದರು. 2020ರಲ್ಲಿ ಪ್ರಕಟವಾದ ಫಲಿತಾಂಶ ಜಾಹೀರಾತು ಏಜೆನ್ಸಿಗಳ ನಿದ್ದೆ ಕೆಡಿಸುವಂಥದ್ದು: ಪರಿಣಾಮ ಇದೆ, ಆದರೆ ಬಹಳ ಸಣ್ಣದು. ಹೊಗಳಿದರೂ ಅಷ್ಟೇ, ತೆಗಳಿದರೂ ಅಷ್ಟೇ. ಚುನಾವಣೆ ದೂರ ಇದ್ದಾಗಲೂ ಅಷ್ಟೇ, ಹತ್ತಿರ ಬಂದಾಗಲೂ ಅಷ್ಟೇ.

ಆ ಸಣ್ಣ ಪರಿಣಾಮವೂ ಬೇಗ ಆರಿಹೋಗುತ್ತದೆ. 2006ರಲ್ಲಿ ಟೆಕ್ಸಸ್ ಗವರ್ನರ್ ರಿಕ್ ಪೆರಿ ಅವರ ತಂಡ ಸಂಶೋಧಕರ ಮಾತು ಕೇಳಿ ಯಾವ ಊರಿನಲ್ಲಿ ಯಾವಾಗ ಜಾಹೀರಾತು ಹಾಕಬೇಕೆಂಬುದನ್ನು ಚೀಟಿ ಎತ್ತಿಯೇ ನಿರ್ಧರಿಸಿತ್ತು. ಅವು ತೆಗಳುವ ಜಾಹೀರಾತುಗಳಲ್ಲ, ಆದರೂ ಪಾಠ ಇಲ್ಲಿಗೂ ಹೊಂದುತ್ತದೆ. ಬೆಂಬಲ ಜಿಗಿಯಿತು, ಒಂದೆರಡು ವಾರದಲ್ಲಿ ಗುರುತೇ ಸಿಗದಂತೆ ಇಳಿಯಿತು. ಹಾಗಾಗಿಯೇ ಮತದಾನಕ್ಕೆ ಐದಾರು ದಿನ ಇರುವಾಗ ಪತ್ರಿಕೆಗಳ ಮುಖಪುಟ ಪೂರ್ತಿ ಜಾಹೀರಾತು ಆಗಿರುವುದು. 2023ರ ಮೇ 5ರಂದು ಕಾಂಗ್ರೆಸ್ ‘ಭ್ರಷ್ಟಾಚಾರದ ರೇಟ್ ಕಾರ್ಡ್’ ಛಾಪಿಸಿದ್ದೂ ಈ ಲೆಕ್ಕಾಚಾರದಲ್ಲೇ. ಮತದಾನ ಇದ್ದದ್ದು 10ಕ್ಕೆ.

ಒಂದೇ ಸಲ ಬಂದ ಜಾಹೀರಾತು

ಹಾಗಾದರೆ ಪಕ್ಷಗಳಿಗೆ ಬುದ್ಧಿ ಇಲ್ಲವೇ? ಕೋಟಿಗಟ್ಟಲೆ ಸುರಿದು ವಾರ್ ರೂಂಗಳಲ್ಲಿ ರಾತ್ರಿಯಿಡೀ ಕುಳಿತು ಇದನ್ನೇಕೆ ಮಾಡುತ್ತಾರೆ? ಇದಕ್ಕೆ ಉತ್ತರ ಹುಡುಕಲು ಜಗತ್ತಿನ ಅತಿ ಪ್ರಸಿದ್ಧ ತೆಗಳುವ ಜಾಹೀರಾತನ್ನು ಒಮ್ಮೆ ನಿಧಾನವಾಗಿ ನೋಡಬೇಕು.

1964ರ ಸೆಪ್ಟೆಂಬರ್ 7ರ ರಾತ್ರಿ ಎನ್‌ಬಿಸಿ ವಾಹಿನಿಯಲ್ಲಿ ಸಿನಿಮಾದ ನಡುವೆ ಅದು ಬಂತು. ಒಂದು ಪುಟ್ಟ ಹುಡುಗಿ ಬಯಲಿನಲ್ಲಿ ನಿಂತು ಹೂವಿನ ಎಸಳು ಕೀಳುತ್ತಾ ಎಣಿಸುತ್ತಿದ್ದಾಳೆ. ಐದಾದ ಮೇಲೆ ಏಳು, ಆಮೇಲೆ ಆರು, ಮತ್ತೆ ಆರು. ಎಣಿಕೆ ತಪ್ಪುವುದೇ ಅದರ ಚೆಂದ. ಒಂಬತ್ತಕ್ಕೆ ಬರುತ್ತಿದ್ದಂತೆ ಗಂಡಸಿನ ಒರಟು ದನಿ ಹತ್ತರಿಂದ ಹಿಂದಕ್ಕೆ ಎಣಿಸತೊಡಗುತ್ತದೆ. ಹುಡುಗಿ ತಲೆ ಎತ್ತುತ್ತಾಳೆ, ಚಿತ್ರ ನಿಲ್ಲುತ್ತದೆ, ಕ್ಯಾಮೆರಾ ಅವಳ ಕಣ್ಣಿನೊಳಕ್ಕೆ ಇಳಿಯುತ್ತದೆ. ಸೊನ್ನೆ ಎಂದಾಗ ಆ ಕಪ್ಪು ಪಾಪೆಯಲ್ಲಿ ಅಣುಬಾಂಬ್ ಸಿಡಿಯುತ್ತದೆ. ಕೊನೆಗೆ ನವೆಂಬರ್ 3ರಂದು ಅಧ್ಯಕ್ಷ ಜಾನ್ಸನ್ ಅವರಿಗೆ ಮತ ಹಾಕಿ ಎಂಬ ಮನವಿ.

ಎದುರಾಳಿ ಬ್ಯಾರಿ ಗೋಲ್ಡ್‌ವಾಟರ್ ಅವರ ಹೆಸರು ಆ ಒಂದು ನಿಮಿಷದಲ್ಲಿ ಎಲ್ಲೂ ಇಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ. ಅಣ್ವಸ್ತ್ರಗಳ ಬಗ್ಗೆ ಅವರೇ ಹಗುರವಾಗಿ ಮಾತಾಡಿ ಜನರಲ್ಲಿ ಹೆದರಿಕೆ ಹುಟ್ಟಿಸಿ ಆಗಿತ್ತು. ಜಾಹೀರಾತು ಆ ಹೆದರಿಕೆಗೆ ಒಂದು ಚಿತ್ರ ಕೊಟ್ಟಿತು. ಹಣ ಕೊಟ್ಟು ಪ್ರಸಾರ ಮಾಡಿಸಿದ್ದು ಆ ಒಂದೇ ಸಲ. ರಿಪಬ್ಲಿಕನ್ನರು ಕಿರುಚಾಡಿದರು, ಸುದ್ದಿ ವಾಹಿನಿಗಳು ವಿವಾದದ ನೆಪದಲ್ಲಿ ಪುಕ್ಕಟೆಯಾಗಿ ಮತ್ತೆ ಮತ್ತೆ ತೋರಿಸಿದವು. ನಮ್ಮ ಪೇಸಿಎಂ ಕಥೆಯೇ, ಪೊಲೀಸ್ ವ್ಯಾನ್ ಒಂದು ಕಡಿಮೆ.

ಜಾನ್ಸನ್ 44 ರಾಜ್ಯಗಳನ್ನು ಗೆದ್ದರು. ಆದರೆ ಜಾಹೀರಾತು ಬರುವ ಮುಂಚೆಯೇ ಸಮೀಕ್ಷೆಗಳಲ್ಲಿ ಅವರು ಬಹಳ ಮುಂದಿದ್ದರು! 1988ರ ಕಥೆಯೂ ಹೀಗೇ. ಜೈಲಿನಿಂದ ವಾರಾಂತ್ಯದ ರಜೆಯ ಮೇಲೆ ಹೊರಬಂದು ಮತ್ತೆ ಅಪರಾಧ ಎಸಗಿದ ವಿಲ್ಲಿ ಹಾರ್ಟನ್ ಎಂಬ ಕಪ್ಪುವರ್ಣೀಯನ ಮುಖ ತೋರಿಸಿ ಡೆಮಾಕ್ರಟಿಕ್ ಅಭ್ಯರ್ಥಿ ಮೈಕೆಲ್ ಡುಕಾಕಿಸ್ ಅವರನ್ನು ಮುಗಿಸಿದರು ಎನ್ನುತ್ತಾರೆ. ಅದು ಜನಾಂಗೀಯ ಭಯವನ್ನು ಕೆರಳಿಸಿದ ಕೊಳಕು ಜಾಹೀರಾತು, ಅನುಮಾನವಿಲ್ಲ. ಜುಲೈನಲ್ಲಿ 17 ಅಂಶ ಮುಂದಿದ್ದ ಡುಕಾಕಿಸ್ ನವೆಂಬರ್‌ನಲ್ಲಿ ಸೋತದ್ದೂ ನಿಜ. ಆದರೆ ಜಾಹೀರಾತು ಟಿವಿಗೆ ಬಂದದ್ದು ಸೆಪ್ಟೆಂಬರ್ ಕೊನೆಯ ಭಾಗದಲ್ಲಿ. ಆ ಹೊತ್ತಿಗಾಗಲೇ ಎದುರಾಳಿ ಜಾರ್ಜ್ ಬುಷ್ (ಹಿರಿಯ) ಮುಂದಿದ್ದರು. ಆ ರಜೆಯ ವಿಷಯವನ್ನು ಬುಷ್ ಜೂನ್‌ನಿಂದಲೇ ಭಾಷಣಗಳಲ್ಲಿ ಎತ್ತುತ್ತಿದ್ದರು ಎಂಬುದನ್ನೂ ಸೇರಿಸಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ.

ನನಗೆ ಅನ್ನಿಸುವುದು ಇಷ್ಟು: ತೆಗಳುವ ಜಾಹೀರಾತು ಅನುಮಾನವನ್ನು ಹುಟ್ಟಿಸುವುದಿಲ್ಲ, ಇರುವ ಅನುಮಾನಕ್ಕೆ ನಾಮಕರಣ ಮಾಡುತ್ತದೆ. ಕರ್ನಾಟಕ ರಾಜ್ಯ ಗುತ್ತಿಗೆದಾರರ ಸಂಘ ಪ್ರಧಾನಿಗೆ 40% ಕಮಿಷನ್ ಬಗ್ಗೆ ಪತ್ರ ಬರೆದದ್ದು 2021ರ ಜುಲೈನಲ್ಲಿ. 2022ರ ಏಪ್ರಿಲ್‌ನಲ್ಲಿ ಉಡುಪಿಯ ಲಾಡ್ಜ್ ಒಂದರಲ್ಲಿ ಗುತ್ತಿಗೆದಾರರೊಬ್ಬರು ಸತ್ತರು, ಸಚಿವರೊಬ್ಬರು ರಾಜೀನಾಮೆ ಕೊಟ್ಟರು (ಪೊಲೀಸರು ಆಮೇಲೆ ಅವರ ವಿರುದ್ಧ ಸಾಕ್ಷ್ಯವಿಲ್ಲ ಎಂದು ವರದಿ ಹಾಕಿದರು). ಪೇಸಿಎಂ ಬಂದದ್ದು ಇಷ್ಟೆಲ್ಲ ಆದ ಮೇಲೆ. ಕಟ್ಟಿಗೆ ಒಟ್ಟಿತ್ತು, ಪೋಸ್ಟರ್ ಕಡ್ಡಿ ಗೀರಿತು.

ನಾಮಕರಣವಾದ ಮೇಲೆ ಆಗುವ ಲಾಭ ಓಟಿನ ಲೆಕ್ಕದಲ್ಲಿ ನೇರವಾಗಿ ಕಾಣುವುದಿಲ್ಲ. ಎದುರಾಳಿ ತನ್ನ ಸಾಧನೆ ಹೇಳಲು ಎದ್ದು ನಿಂತಾಗಲೆಲ್ಲ ಪತ್ರಕರ್ತರು ಆ ಹೆಸರನ್ನೇ ಹಿಡಿದು ಕೇಳುತ್ತಾರೆ. ಅವನ ದಿನ ಸಮಜಾಯಿಷಿಯಲ್ಲೇ ಮುಗಿಯುತ್ತದೆ. ಇತ್ತ ನಮ್ಮ ಕಡೆಯ ಕಾರ್ಯಕರ್ತನಿಗೆ ಚಹಾದ ಅಂಗಡಿಯಲ್ಲಿ ಹೇಳಲು ಎರಡು ಪದ ಸಿಗುತ್ತದೆ. ಐವತ್ತು ಪುಟದ ಪ್ರಣಾಳಿಕೆ ಕೊಡಲಾಗದ ಹುರುಪನ್ನು ಆ ಎರಡು ಪದ ಕೊಡುತ್ತದೆ. ಸರ್ಕಾರದ ಮೇಲೆ ಮುನಿದವರು ಯಾರ ಹಿಂದೆ ಒಟ್ಟಾಗಬೇಕು ಎಂಬ ಸೂಚನೆಯೂ ಅದರಲ್ಲೇ ಇರುತ್ತದೆ. ಜೆಡಿಎಸ್‌ನಿಂದ ಕಾಂಗ್ರೆಸ್‌ಗೆ ಹರಿದ ಆ ಐದು ಶೇಕಡಾಂಶದಲ್ಲಿ ಇದರ ಪಾಲೂ ಇದ್ದೀತು. ಅದೇ ಚುನಾವಣೆಯಲ್ಲಿ ಐದು ಗ್ಯಾರಂಟಿಗಳಿದ್ದವು, ಮುಸ್ಲಿಂ ಮತಗಳ ಕ್ರೋಡೀಕರಣವಿತ್ತು. ಯಾವುದಕ್ಕೆ ಎಷ್ಟು ಅಂಕ ಎಂದು ಬಿಡಿಸಿ ಹೇಳುವವರನ್ನು ನಾನಂತೂ ನಂಬುವುದಿಲ್ಲ.

ಎಸೆದ ಕಲ್ಲಿನಿಂದಲೇ ಮನೆ ಕಟ್ಟಿಕೊಳ್ಳುವವರು

ಇನ್ನು ತಿರುಗುಬಾಣದ ವಿಷಯ. 1971ರಲ್ಲಿ ವಿರೋಧಿಗಳ ಘೋಷಣೆ ‘ಇಂದಿರಾ ಹಟಾವೋ’. ಅವರು ಇಂದಿರಾಳನ್ನು ತೊಲಗಿಸಿ ಅನ್ನುತ್ತಾರೆ, ನಾನು ಬಡತನ ತೊಲಗಿಸಿ ಅನ್ನುತ್ತೇನೆ ಎಂದರು ಇಂದಿರಾ ಗಾಂಧಿ. 518 ಸ್ಥಾನಗಳಲ್ಲಿ 352 ಅವರಿಗೆ. 2014ರ ಜನವರಿಯಲ್ಲಿ ಮಣಿಶಂಕರ್ ಅಯ್ಯರ್, ಮೋದಿ ಬೇಕಾದರೆ ಇಲ್ಲಿ ಬಂದು ಚಹಾ ಹಂಚಲಿ ಎಂದು ಹಂಗಿಸಿದರು. ತಿಂಗಳೊಳಗೆ ಊರೂರಲ್ಲಿ ‘ಚಾಯ್ ಪೇ ಚರ್ಚಾ’ ನಡೆಯುತ್ತಿತ್ತು. 2019ರಲ್ಲಿ ರಾಹುಲ್ ಗಾಂಧಿಯವರ ‘ಚೌಕೀದಾರ್ ಚೋರ್ ಹೈ’ಗೆ ಉತ್ತರವಾಗಿ ಬಿಜೆಪಿಯವರೆಲ್ಲ ತಮ್ಮ ಟ್ವಿಟರ್ ಹೆಸರಿನ ಮುಂದೆ ಚೌಕೀದಾರ್ ಎಂದು ಸೇರಿಸಿಕೊಂಡರು. ಆ ಚುನಾವಣೆಯಲ್ಲಿ ಬಿಜೆಪಿಗೆ 303, ಕಾಂಗ್ರೆಸ್‌ಗೆ 52.

ಮೂರರಲ್ಲೂ ಒಂದು ಸಾಮ್ಯವಿದೆ. ಬೈಗುಳ ಮುಟ್ಟಿದ್ದು ಒಬ್ಬ ವ್ಯಕ್ತಿಯನ್ನು ಮಾತ್ರವಲ್ಲ, ಅವನ ಜೊತೆ ಗುರುತಿಸಿಕೊಳ್ಳಬಲ್ಲ ಕೋಟ್ಯಂತರ ಜನರನ್ನು. ಚಹಾ ಮಾರುವವರು, ಕಾವಲು ಕಾಯುವವರು ಈ ದೇಶದಲ್ಲಿ ಎಷ್ಟಿಲ್ಲ! ಎದೆಯ ಮೇಲೆ ಬಿಲ್ಲೆಯಂತೆ ಧರಿಸಬಹುದಾದ ಬೈಗುಳ ಬೈಸಿಕೊಂಡವನಿಗೇ ಆಸ್ತಿ. ‘40 ಪರ್ಸೆಂಟ್’ ಎಂಬುದನ್ನು ಯಾರು ಧರಿಸಿಕೊಳ್ಳುತ್ತಾರೆ? ‘ನಾನೂ 40 ಪರ್ಸೆಂಟ್’ ಎಂಬ ಅಭಿಯಾನ ಮಾಡಲಾದೀತೆ?

ದೇಹವನ್ನು ಆಡಿಕೊಂಡರೆ ಕಥೆ ಇನ್ನೂ ಕೆಡುತ್ತದೆ. 1993ರ ಕೆನಡಾ ಚುನಾವಣೆಯಲ್ಲಿ ಆಳುವ ಪಕ್ಷವಾದ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಲಿಬರಲ್ ನಾಯಕ ಜಾನ್ ಕ್ರೆಟಿಯೆನ್ ಅವರ ಮುಖದ ಹತ್ತಿರದ ಚಿತ್ರಗಳನ್ನಿಟ್ಟು, ಇವರು ಪ್ರಧಾನಿಯಾದರೆ ನಾಚಿಕೆಯಾಗದೇ ಎಂಬ ಧಾಟಿಯ ಜಾಹೀರಾತು ಮಾಡಿತು. ಬಾಲ್ಯದ ಕಾಯಿಲೆಯಿಂದ ಕ್ರೆಟಿಯೆನ್ ಅವರ ಮುಖದ ಒಂದು ಪಾರ್ಶ್ವ ಸ್ವಾಧೀನದಲ್ಲಿರಲಿಲ್ಲ. ಸ್ವಪಕ್ಷದ ಅಭ್ಯರ್ಥಿಗಳೇ ತಿರುಗಿಬಿದ್ದು ಜಾಹೀರಾತು ಕೂಡಲೇ ವಾಪಸಾಯಿತು. ನಾನು ಬಾಯಿಯ ಒಂದೇ ಬದಿಯಿಂದ ಮಾತಾಡುತ್ತೇನೆ ನಿಜ, ಅವರ ಹಾಗೆ ಎರಡೂ ಬದಿಯಿಂದ ಮಾತಾಡುವುದಿಲ್ಲ ಎಂದು ಕ್ರೆಟಿಯೆನ್ ಟಾಂಗ್ ಕೊಟ್ಟರು. 1988ರಲ್ಲಿ 169 ಸ್ಥಾನ ಗೆದ್ದಿದ್ದ ಪಕ್ಷ ಈ ಸಲ ಗೆದ್ದದ್ದು 2. ಪ್ರಧಾನಿ ಕಿಮ್ ಕ್ಯಾಂಬೆಲ್ ತಮ್ಮ ಕ್ಷೇತ್ರವನ್ನೂ ಕಳೆದುಕೊಂಡರು. ಜಾಹೀರಾತೇ ಪಕ್ಷವನ್ನು ಕೊಂದಿತು ಎಂದರೆ ಅತಿಯಾಯಿತು. ಆರ್ಥಿಕ ಹಿಂಜರಿತ, ಹೊಸ ತೆರಿಗೆ, ಎರಡು ಹೊಸ ಪ್ರಾದೇಶಿಕ ಪಕ್ಷಗಳಿಂದ ಅದು ಆಗಲೇ ಮುಳುಗುತ್ತಿತ್ತು. ಮುಳುಗುವವನ ತಲೆಯ ಮೇಲೆ ಕಲ್ಲಿಟ್ಟ ಹಾಗಾಯಿತು, ಅಷ್ಟೇ.

ನಮ್ಮಲ್ಲಿ ನನಗೆ ತುಂಬ ಇಷ್ಟವಾದದ್ದು ಚೊಂಬಿನ ಪ್ರಸಂಗ. 2024ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ ಪತ್ರಿಕೆಗಳಲ್ಲಿ ಒಂದು ಚೊಂಬಿನ ಚಿತ್ರ ಛಾಪಿಸಿ, ಕೇಂದ್ರ ಸರ್ಕಾರ ಕರ್ನಾಟಕಕ್ಕೆ ಕೊಟ್ಟದ್ದು ಇದು ಎಂದಿತು. ತೆರಿಗೆ ಪಾಲು, ಬರ ಪರಿಹಾರ ಮುಂತಾದ ತಲೆನೋವಿನ ಅಂಕಿಅಂಶಗಳೆಲ್ಲ ಒಂದು ಪಾತ್ರೆಯೊಳಗೆ ಬಂದವು. ‘ಚೊಂಬು ಕೊಟ್ಟರು’ ಎಂದರೆ ಏನೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ದೆಹಲಿಯ ಏಜೆನ್ಸಿಗೆ ಹೊಳೆಯುವ ಐಡಿಯಾ ಇದಲ್ಲ. ಮಾರನೇ ದಿನವೇ ಚಿಕ್ಕಬಳ್ಳಾಪುರದ ಸಭೆಯಲ್ಲಿ ಎಚ್.ಡಿ. ದೇವೇಗೌಡರು ಮೋದಿಯವರ ಪಕ್ಕದಲ್ಲಿ ನಿಂತು, ಕಾಂಗ್ರೆಸ್ಸಿನವರು ಬಿಟ್ಟುಹೋದ ಬರಿದಾದ ಚೊಂಬನ್ನು ಮೋದಿ ಅಕ್ಷಯಪಾತ್ರೆ ಮಾಡಿದ್ದಾರೆ ಎಂದರು. 90 ದಾಟಿದ ಗೌಡರು ಎದುರಾಳಿಯ ಪಾತ್ರೆಯನ್ನೇ ಕಿತ್ತುಕೊಂಡು ಅದಕ್ಕೆ ಮಹಾಭಾರತ ತುಂಬಿದರು. ಆ ಚುನಾವಣೆಯಲ್ಲಿ 28ರಲ್ಲಿ ಬಿಜೆಪಿ–ಜೆಡಿಎಸ್ ಕೂಟಕ್ಕೆ 19, ಕಾಂಗ್ರೆಸ್‌ಗೆ 9. ಕಾಂಗ್ರೆಸ್ ಹಿಂದಿನ ಸಲ ಗೆದ್ದದ್ದು 1. ಚೊಂಬು ಗೆದ್ದಿತೇ, ಅಕ್ಷಯಪಾತ್ರೆ ಗೆದ್ದಿತೇ ಎಂದು ಕೇಳಿದರೆ ಇಬ್ಬರೂ ನಾವೇ ಅನ್ನಬಹುದು.

ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂಬ ಹಳೆಯ ಮಾತಿಗೂ ಈಗ ಪ್ರಯೋಗದ ಬೆಂಬಲ ಸಿಕ್ಕಿದೆ. ಇಟಲಿಯ ಮಧ್ಯಮ ಗಾತ್ರದ ಊರೊಂದರಲ್ಲಿ ಮೇಯರ್ ಸ್ಥಾನಕ್ಕೆ ಮೂವರು ಪ್ರಮುಖ ಅಭ್ಯರ್ಥಿಗಳಿದ್ದಾಗ ಸಂಶೋಧಕರು ಕೆಲವು ಬಡಾವಣೆಗಳಲ್ಲಿ ತೆಗಳುವ ಪ್ರಚಾರ, ಕೆಲವು ಕಡೆ ಹೊಗಳುವ ಪ್ರಚಾರ ಮಾಡಿಸಿ ನೋಡಿದರು. ತೆಗಳಿದ ಕಡೆ ಬೈದವನಿಗೂ ಲಾಭವಾಗಲಿಲ್ಲ, ಬೈಸಿಕೊಂಡವನಿಗೂ ಆಗಲಿಲ್ಲ. ಸುಮ್ಮನೆ ನಿಂತಿದ್ದ ಮೂರನೆಯವನ ಮತ ಏರಿತು. ಅಮೆರಿಕದಲ್ಲಿ ಎರಡೇ ಪಕ್ಷ. ಇವನು ಬೇಡವೆಂದರೆ ಅವನೇ ಗತಿ. ತ್ರಿಕೋನ ಸ್ಪರ್ಧೆಯ ಕರ್ನಾಟಕದಲ್ಲಿ ಹಾಗಲ್ಲ. ಆದರೂ 2023ರಲ್ಲಿ ಮೂರನೆಯವರಾಗಿದ್ದ ಜೆಡಿಎಸ್‌ಗೆ ಲಾಭವಾಗುವ ಬದಲು ನಷ್ಟವಾಯಿತಲ್ಲ? ಅಲ್ಲಿನ ಮೂರನೆಯವನು ಗೆಲ್ಲಬಲ್ಲ ಅಭ್ಯರ್ಥಿಯಾಗಿದ್ದ. ಇಲ್ಲಿ ಸಿಟ್ಟಾದ ಮತದಾರನಿಗೆ ಸರ್ಕಾರ ರಚಿಸುವಷ್ಟು ಬಲವುಳ್ಳ ಬದಲಿಯಾಗಿ ಜೆಡಿಎಸ್ ಕಾಣಲಿಲ್ಲ. ಇದು ನನ್ನ ಊಹೆ, ಪ್ರಯೋಗದ ಫಲವಲ್ಲ.

ಮನೆಯಲ್ಲಿ ಕೂರುವ ಮತದಾರನ ಕಥೆಗೂ ಒಂದು ತಿದ್ದುಪಡಿ ಬಂದಿದೆ. ಯಾನಾ ಕ್ರುಪ್ನಿಕೋವ್ ಎಂಬ ಸಂಶೋಧಕಿ 2011ರಲ್ಲಿ ಕೇಳಿದ್ದು, ಬೈಗುಳ ಯಾವಾಗ ಕಿವಿಗೆ ಬೀಳುತ್ತದೆ ಎಂದು. ಯಾರಿಗೆ ಹಾಕಲಿ ಎಂದು ಇನ್ನೂ ಯೋಚಿಸುತ್ತಿರುವವನಿಗೆ ಅದು ಮಾಹಿತಿ. ಇವನಿಗೇ ಹಾಕುತ್ತೇನೆ ಎಂದು ತೀರ್ಮಾನಿಸಿಯಾದ ಮೇಲೆ ಅವನ ಬಗ್ಗೆಯೇ ಕೆಟ್ಟದ್ದು ಕೇಳಿದರೆ? ಪಕ್ಷ ಬದಲಿಸಲು ಮನಸ್ಸು ಒಪ್ಪುವುದಿಲ್ಲ, ಹೋಗಿ ಹಾಕಲು ಕಾಲು ಏಳುವುದಿಲ್ಲ. ಎಲ್ಲ ಬೈಗುಳವೂ ಜನರನ್ನು ತಡೆಯುವುದಿಲ್ಲ, ತಡವಾಗಿ ಬಂದ ಬೈಗುಳ ತಡೆಯುತ್ತದೆ. ಪಕ್ಷಗಳು ಕೊನೆಯ ವಾರಕ್ಕೆ ಮದ್ದು ಉಳಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣವಿದ್ದೀತು.

ಹೆಸರಿಲ್ಲದವನ ಬೈಗುಳ

ಬೈದವನ ಕೈಗೆ ಮೆತ್ತುವ ಮಸಿಯಿಂದ ತಪ್ಪಿಸಿಕೊಳ್ಳಲು ಸುಲಭದ ದಾರಿ ಬೇರೆಯವರಿಂದ ಬೈಸುವುದು. 2002ರಲ್ಲಿ ಅಮೆರಿಕ ಕಾನೂನು ಮಾಡಿ, ಅಭ್ಯರ್ಥಿಯೇ ತನ್ನ ದನಿಯಲ್ಲಿ ಈ ಸಂದೇಶಕ್ಕೆ ನನ್ನ ಒಪ್ಪಿಗೆ ಇದೆ ಎಂದು ಜಾಹೀರಾತಿನಲ್ಲಿ ಹೇಳಬೇಕು ಎಂದಿತು. ಕೂಡಲೇ ಬೈಯುವ ಗುತ್ತಿಗೆ ಹೊರಗಿನ ಸಂಘಟನೆಗಳಿಗೆ ಹೋಯಿತು. 2004ರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಜಾನ್ ಕೆರಿ ಅವರ ವಿಯೆಟ್ನಾಂ ಯುದ್ಧಸೇವೆಯನ್ನು ಪ್ರಶ್ನಿಸಿದ್ದು ಅಲ್ಲಿ ‘ಸ್ವಿಫ್ಟ್ ಬೋಟ್’ ಗಸ್ತು ದೋಣಿಗಳಲ್ಲಿದ್ದ ಯೋಧರ ಒಂದು ಗುಂಪು. ಮೊದಲ ಜಾಹೀರಾತು ಬಂದದ್ದು ಬೆರಳೆಣಿಕೆಯ ರಾಜ್ಯಗಳಲ್ಲಿ, ಉಳಿದದ್ದನ್ನು ಸುದ್ದಿ ವಾಹಿನಿಗಳು ನೋಡಿಕೊಂಡವು. ಹೆಸರೇ ಕೇಳದ ಸಂಘಟನೆಯ ಜಾಹೀರಾತು ಅಭ್ಯರ್ಥಿಯದಕ್ಕಿಂತ ಹೆಚ್ಚು ನಾಟುತ್ತದೆ, ಏಕೆಂದರೆ ಸಿಟ್ಟಾಗಲು ಎದುರಿಗೆ ಯಾರೂ ಇರುವುದಿಲ್ಲ ಎಂದು 2012ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತು. ನಮ್ಮಲ್ಲಿ ಆ ಹೆಸರಿಲ್ಲದ ಸಂಘಟನೆಗೆ ಕಚೇರಿಯೂ ಬೇಡ. ಫ್ಯಾಮಿಲಿ ಗ್ರೂಪಿನಲ್ಲಿ ಬೆಳಗ್ಗೆ ಶುಭೋದಯದ ಹೂವಿನ ಹಿಂದೆಯೇ ಬಂದು ಬೀಳುವ ಫಾರ್ವರ್ಡ್ ಸಾಕು. ಕಳಿಸಿದ್ದು ಚಿಕ್ಕಪ್ಪ, ಮಾಡಿದ್ದು ಯಾರೋ. ಕೆಲವು ದಿನಗಳ ನಂತರ ಎಲ್ಲಿ ಓದಿದೆ ಎಂಬುದು ಮರೆತಿರುತ್ತದೆ, ಓದಿದ್ದು ನೆನಪಿರುತ್ತದೆ. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ಮನಸ್ಸು ಕೇಳತೊಡಗುತ್ತದೆ.

ಕಾನೂನಿನ ಮಾತಿಗೆ ಬಂದರೆ, ನಮ್ಮ ಮಾದರಿ ನೀತಿ ಸಂಹಿತೆ ಎದುರಾಳಿಯ ನೀತಿ, ಕಾರ್ಯಕ್ರಮ, ಹಿಂದಿನ ಕೆಲಸವನ್ನು ಟೀಕಿಸಿ, ಖಾಸಗಿ ಬದುಕನ್ನು ಬಿಡಿ ಎನ್ನುತ್ತದೆ. ಅಭ್ಯರ್ಥಿಯ ಚಾರಿತ್ರ್ಯದ ಬಗ್ಗೆ ಗೊತ್ತಿದ್ದೂ ಸುಳ್ಳು ಹರಡುವುದು ಜನಪ್ರತಿನಿಧಿ ಕಾಯ್ದೆಯ 123(4)ರ ಪ್ರಕಾರ ಭ್ರಷ್ಟ ಆಚರಣೆ. ಟಿವಿ ಜಾಹೀರಾತಿಗೆ ಚುನಾವಣಾ ಆಯೋಗದ ಸಮಿತಿಯ ಪೂರ್ವ ಒಪ್ಪಿಗೆ ಬೇಕು. ಪತ್ರಿಕೆಗೆ ಮತದಾನದ ದಿನ ಮತ್ತು ಅದರ ಹಿಂದಿನ ದಿನಕ್ಕೆ ಮಾತ್ರ. ರೇಟ್ ಕಾರ್ಡ್ ಜಾಹೀರಾತು ಬಂದ ಮಾರನೇ ದಿನ ಆಯೋಗ ಕೆಪಿಸಿಸಿ ಅಧ್ಯಕ್ಷರಿಗೆ ನೋಟಿಸ್ ಕೊಟ್ಟಿತು. ಬಿಜೆಪಿ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ಕಾಂಗ್ರೆಸ್ ನಾಯಕರು ಬೆಂಗಳೂರಿನ ನ್ಯಾಯಾಲಯಕ್ಕೆ ಬಂದು ಜಾಮೀನು ಪಡೆದದ್ದು 2024ರ ಜೂನ್‌ನಲ್ಲಿ. 2024ರ ಮೇನಲ್ಲಿ ತೃಣಮೂಲದ ವಿರುದ್ಧದ ಬಿಜೆಪಿ ಜಾಹೀರಾತುಗಳಿಗೆ ಕಲ್ಕತ್ತಾ ಹೈಕೋರ್ಟ್ ತಡೆ ಕೊಟ್ಟಿತು, ಸುಪ್ರೀಂ ಕೋರ್ಟ್ ಅದರಲ್ಲಿ ಮಧ್ಯಪ್ರವೇಶಿಸಲಿಲ್ಲ. ಆ ಹೊತ್ತಿಗೆ ಏಳು ಹಂತಗಳ ಚುನಾವಣೆಯಲ್ಲಿ ಉಳಿದಿದ್ದದ್ದು ಒಂದು ಹಂತ.

ಹಾಗೆಂದು ಬಾಯಿ ಮುಚ್ಚಿಸುವುದು ಮದ್ದಲ್ಲ. ಅಮೆರಿಕದ ಅಧ್ಯಕ್ಷೀಯ ಜಾಹೀರಾತುಗಳನ್ನು ದಶಕಗಳ ಉದ್ದಕ್ಕೂ ನೋಡಿದ ಜಾನ್ ಗೀರ್ ಎಂಬ ವಿದ್ವಾಂಸರು, ಹೊಗಳುವ ಜಾಹೀರಾತುಗಳಿಗಿಂತ ತೆಗಳುವ ಜಾಹೀರಾತುಗಳಲ್ಲೇ ನಿರ್ದಿಷ್ಟ ವಿಷಯ, ಆಧಾರ ಹೆಚ್ಚು ಎಂದರು. ಯೋಚಿಸಿದರೆ ಸರಿಯೇ. ನಾನು ಅಭಿವೃದ್ಧಿಯ ಹರಿಕಾರ ಎನ್ನಲು ದಾಖಲೆ ಬೇಡ. ನೀನು ಕಳ್ಳ ಎಂದರೆ ಯಾವಾಗ, ಎಲ್ಲಿ, ಎಷ್ಟು ಎಂಬ ಪ್ರಶ್ನೆ ಬರುತ್ತದೆ. 2017ರ ಉತ್ತರ ಪ್ರದೇಶ ವಿಧಾನಸಭಾ ಚುನಾವಣೆಯಲ್ಲಿ ಸಂಶೋಧಕರು ಹಳ್ಳಿಗಳ ಮತದಾರರಿಗೆ ಫೋನ್ ಕರೆ, ಸಂದೇಶಗಳ ಮೂಲಕ ಅಭ್ಯರ್ಥಿಗಳ ಮೇಲಿನ ಕ್ರಿಮಿನಲ್ ಪ್ರಕರಣಗಳನ್ನು ತಿಳಿಸಿದರು. ಕೊಲೆಗೆ ಸಂಬಂಧಿಸಿದ ಆರೋಪ ಹೊತ್ತವರ ಮತ ಇಳಿಯಿತು, ಪ್ರಕರಣಗಳಿಲ್ಲದವರ ಮತ ಏರಿತು. ಬೈಗುಳವಿಲ್ಲ, ವ್ಯಂಗ್ಯವಿಲ್ಲ, ಪಕ್ಷದ ಚಿಹ್ನೆಯಿಲ್ಲ. ಅಭ್ಯರ್ಥಿ ತಾನೇ ಸಲ್ಲಿಸಿದ ಪ್ರಮಾಣಪತ್ರದಲ್ಲಿದ್ದ ಸಾಲು, ಅಷ್ಟೇ.

ಇತ್ತ ನಮ್ಮ 40 ಪರ್ಸೆಂಟ್ ಆರೋಪದ ತನಿಖೆಗೆ ಹೊಸ ಸರ್ಕಾರ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಅವರ ಆಯೋಗ ನೇಮಿಸಿತು. ವರದಿ ಮುಖ್ಯಮಂತ್ರಿಯ ಕೈ ಸೇರಿದ್ದು 2025ರ ಮಾರ್ಚ್‌ನಲ್ಲಿ, ಪೋಸ್ಟರ್ ಅಂಟಿಸಿ ಎರಡೂವರೆ ವರ್ಷದ ಮೇಲೆ. ಅದಕ್ಕೂ ಎರಡು ತಿಂಗಳ ಮುಂಚೆ ಕೇಂದ್ರ ಸಚಿವ ಎಚ್.ಡಿ. ಕುಮಾರಸ್ವಾಮಿ ಈ ಸರ್ಕಾರದ ಕಮಿಷನ್ 60 ಪರ್ಸೆಂಟ್ ಎಂದಿದ್ದರು. ದಾಖಲೆ ಇದ್ದರೆ ಕೊಡಿ ಎಂದರು ಸಿದ್ದರಾಮಯ್ಯ. 2022ರಲ್ಲಿ ಬೊಮ್ಮಾಯಿ ಗುತ್ತಿಗೆದಾರರಿಗೆ ಹೇಳಿದ್ದೂ ಅದನ್ನೇ.